ಕ್ಯಾರಿಕ್‌ಫರ್ಗಸ್‌ನಿಂದ ವ್ಯಾಕ್ಸ್‌ಹಾಗೆ: ಒಂದು ಒಕ್ಕಲು ಮನೆತನದ ಜಾಡು

ಐರ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಬೆಲ್‌ಫಾಸ್ಟ್ ಕೊಲ್ಲಿಯ ಉತ್ತರ ದಂಡೆಯ ಮೇಲೆ ಕ್ಯಾರಿಕ್‌ಫರ್ಗಸ್ ಎಂಬ ಹಳೆಯ ಕೋಟೆಯೂರಿದೆ. ಅದಕ್ಕೆ ತಾಗಿಕೊಂಡೇ ಬೋನಿಬಿಫೋರ್ ಎಂಬ ಪುಟ್ಟ ಹಳ್ಳಿ. 1765ರಲ್ಲಿ ಅಲ್ಲಿಂದ ಆಂಡ್ರೂ ಜಾಕ್ಸನ್ ಎಂಬ ಗೇಣಿದಾರ ಹೆಂಡತಿ ಎಲಿಜಬೆತ್ ಹಚಿನ್ಸನ್‌ಳನ್ನೂ ಹ್ಯೂ, ರಾಬರ್ಟ್ ಎಂಬ ಇಬ್ಬರು ಎಳೆಯ ಗಂಡುಮಕ್ಕಳನ್ನೂ ಕರೆದುಕೊಂಡು ಅಮೆರಿಕಕ್ಕೆ ಹೊರಟ. ಎರಡೇ ವರ್ಷದಲ್ಲಿ ಕೆರೊಲಿನಾದ ಕೆಂಪುಮಣ್ಣಿನ ಸೀಮೆಯಲ್ಲಿ ತೀರಿಕೊಂಡ. ಅವನು ಸತ್ತ ಕೆಲವೇ ವಾರಗಳಿಗೆ, 1767ರ ಮಾರ್ಚ್ 15ರಂದು, ಮೂರನೆಯ ಗಂಡುಮಗು ಹುಟ್ಟಿತು. ಅಪ್ಪನ ಹೆಸರನ್ನೇ ಇಟ್ಟರು. ಆ ಮಗು 1829ರಲ್ಲಿ ಅಮೆರಿಕದ ಏಳನೆಯ ಅಧ್ಯಕ್ಷನಾದ.

ಅಧ್ಯಕ್ಷನ ಬಗ್ಗೆ ಪುಸ್ತಕಗಳಿಗೆ ಬರವಿಲ್ಲ. ಅವನ ಅಪ್ಪ ಅಮ್ಮನ ಬಗ್ಗೆ ಸಿಗುವುದು ಬೆರಳೆಣಿಕೆಯ ಸಾಲುಗಳು. ಅಲ್ಸ್ಟರ್-ಸ್ಕಾಟ್ಸ್ ಮೂಲದ, ಅಂದರೆ ಐರ್ಲೆಂಡಿನ ಉತ್ತರದ ಅಲ್ಸ್ಟರ್ ಪ್ರಾಂತ್ಯದಲ್ಲಿ ನೆಲೆಸಿದ್ದ ಸ್ಕಾಟರ ಪೀಳಿಗೆಯ, ಅಮೆರಿಕನ್ನರು ತಮ್ಮ ವಂಶದ ಬೇರು ಹುಡುಕಲು ಹೊರಟಾಗ ಎದುರಾಗುವುದೂ ಇದೇ ಕೊರತೆ. ಮಗ ಅಧ್ಯಕ್ಷನಾದ ಮನೆತನಕ್ಕೇ ಈ ಗತಿಯಾದರೆ ಮಿಕ್ಕವರ ಪಾಡು ಹೇಳಬೇಕಾಗಿಲ್ಲ. ಆ ಕಾಲದ ಒಕ್ಕಲು ಕುಟುಂಬವೊಂದು ಕಾಗದದ ಮೇಲೆ ಕಾಣಿಸಿಕೊಳ್ಳುತ್ತಿದ್ದುದು ಹೆಚ್ಚಾಗಿ ಯಾರಾದರೂ ಅದರಿಂದ ಏನಾದರೂ ವಸೂಲು ಮಾಡಲು ಬಂದಾಗ ಮಾತ್ರ. ವಸೂಲಿಯವನ ಕಣ್ಣಿಗೆ ಬೀಳದ ವರ್ಷಗಳೆಲ್ಲ ಕತ್ತಲು. ಈ ಮನೆತನದ ಜಾಡನ್ನು ಹಿಡಿದು ಹೊರಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಅಲ್ಸ್ಟರ್-ಸ್ಕಾಟ್ಸ್ ಜನ ಐರ್ಲೆಂಡಿಗೂ ಹೊರಗಿನಿಂದ ಬಂದವರೇ. ಹದಿನೇಳನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ತಗ್ಗುನಾಡಿನಿಂದ ಕಡಲು ದಾಟಿದವರು. ಕಡಲು ಎಂದರೂ ಅದು ಅತಿ ಕಿರಿದಾದ ಕಡೆ ಸುಮಾರು 20 ಕಿಲೋಮೀಟರ್. ಬಾನು ತಿಳಿಯಾಗಿದ್ದ ದಿನ ಅಲ್ಸ್ಟರಿನ ಆಂಟ್ರಿಮ್ ತೀರದಿಂದ ಆಚೆ ದಡ ಕಾಣುತ್ತದೆ. 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ. 1606ರಲ್ಲಿ ಹ್ಯೂ ಮಾಂಟ್ಗೊಮೆರಿ, ಜೇಮ್ಸ್ ಹ್ಯಾಮಿಲ್ಟನ್ ಎಂಬ ಇಬ್ಬರು ಸ್ಕಾಟರು ಅಲ್ಸ್ಟರಿನ ಡೌನ್ ಸೀಮೆಯಲ್ಲಿ ಭೂಮಿ ಹಿಡಿದು ತಮ್ಮ ಕಡೆಯ ಒಕ್ಕಲುಗಳನ್ನು ಕರೆತಂದರು. ಮರುವರ್ಷ ಅಲ್ಸ್ಟರಿನ ಗೇಲಿಕ್ ಪಾಳೆಯಗಾರರಾದ ಹ್ಯೂ ಓನೀಲ್ ಮತ್ತು ರೋರಿ ಓಡಾನೆಲ್ ತಮ್ಮ ಪರಿವಾರದೊಂದಿಗೆ ಹಡಗು ಹತ್ತಿ ಯುರೋಪಿಗೆ ಹೊರಟುಹೋದರು. ದೊರೆ ಅವರ ನೆಲವನ್ನೆಲ್ಲ ಮುಟ್ಟುಗೋಲು ಹಾಕಿಕೊಂಡು ಇಂಗ್ಲಿಷ್ ಮತ್ತು ಸ್ಕಾಟಿಷ್ ಧಣಿಗಳಿಗೆ ಹಂಚಿದ. ಅಲ್ಲಿ ತಲೆಮಾರುಗಳಿಂದ ಉಳುತ್ತಿದ್ದ ಕ್ಯಾಥೊಲಿಕ್ ಐರಿಷ್ ರೈತರು ಒಳ್ಳೆಯ ಹೊಲ ಬಿಟ್ಟು ಗುಡ್ಡ, ಜೌಗಿಗೆ ಸರಿಯಬೇಕಾಯಿತು. ಜಾಕ್ಸನ್ನರಂಥವರ ಮನೆತನದ ಕಥೆ ಶುರುವಾಗುವುದೇ ಬೇರೊಬ್ಬರನ್ನು ಎಬ್ಬಿಸಿದ ನೆಲದಲ್ಲಿ. ಇದನ್ನು ಮರೆಮಾಚಿ ಬರೆದ ವಂಶಾವಳಿಗಳು ಬೇಕಾದಷ್ಟಿವೆ; ಅವು ಅರ್ಧ ಮಾತ್ರ ನಿಜ.

ವಲಸೆ ಬಂದವರು ತಮ್ಮ ಪ್ರೆಸ್ಬಿಟೇರಿಯನ್ ಪಂಥವನ್ನೂ ಜೊತೆಗೆ ತಂದರು. ಐರ್ಲೆಂಡಿನಲ್ಲಿ ಆ ಪಂಥದ ಮೊದಲ ಹಿರಿಯರ ಸಭೆ ಸೇರಿದ್ದು 1642ರ ಜೂನ್‌ನಲ್ಲಿ, ಇದೇ ಕ್ಯಾರಿಕ್‌ಫರ್ಗಸ್‌ನಲ್ಲಿ. 1690ರಲ್ಲಿ ದೊರೆ ಮೂರನೆಯ ವಿಲಿಯಂ, ಸಿಂಹಾಸನಕ್ಕಾಗಿ ಹಿಂದಿನ ಕ್ಯಾಥೊಲಿಕ್ ದೊರೆಯೊಂದಿಗೆ ನಡೆದ ಬಾಯ್ನ್ ಕದನಕ್ಕೆ ಹೋಗುವ ಮುನ್ನ ಹಡಗಿನಿಂದ ಇಳಿದದ್ದೂ ಇಲ್ಲೇ. ಆ ಯುದ್ಧದಲ್ಲಿ ಪ್ರೆಸ್ಬಿಟೇರಿಯನ್ನರು ಅವನ ಪರ ನಿಂತರು. ಗೆದ್ದ ಮೇಲೆ ಸಿಕ್ಕಿದ್ದು 1704ರ ಕಾನೂನು: ಸರ್ಕಾರದ, ನಗರಸಭೆಯ ಹುದ್ದೆ ಬೇಕೆಂದರೆ ಆಂಗ್ಲಿಕನ್ ಚರ್ಚಿನ ಪ್ರಸಾದ ಸ್ವೀಕರಿಸಲೇಬೇಕು. ಪ್ರೆಸ್ಬಿಟೇರಿಯನ್ ಪಾದ್ರಿ ಮಾಡಿಸಿದ ಮದುವೆಗಳನ್ನು ಚರ್ಚಿನ ನ್ಯಾಯಾಲಯಗಳು ಮದುವೆಯೆಂದೇ ಒಪ್ಪುತ್ತಿರಲಿಲ್ಲ. ಇಂದು ಮುತ್ತಜ್ಜಿಯ ಮದುವೆಯ ದಾಖಲೆ ಹುಡುಕುವವರು ಸೋಲುವುದಕ್ಕೆ ಇದೂ ಒಂದು ಕಾರಣ.

ಆದರೆ ಜನ ಊರು ಬಿಟ್ಟದ್ದು ಧರ್ಮಕ್ಕಿಂತ ಹೆಚ್ಚಾಗಿ ಗೇಣಿಗಾಗಿ ಎಂದೇ ನನ್ನ ಎಣಿಕೆ. ಯುದ್ಧ ಮುಗಿದಾಗ ಹಾಳುಬಿದ್ದ ಹೊಲಗಳಿಗೆ ಒಕ್ಕಲು ಬೇಕಾಗಿತ್ತು. ಧಣಿಗಳು ಕಡಿಮೆ ಗೇಣಿಗೆ, ಹಲವು ಕಡೆ 31 ವರ್ಷದ ಕರಾರಿಗೆ, ಭೂಮಿ ಕೊಟ್ಟರು. ಕರಾರು ಮುಗಿಯುವ ಹೊತ್ತಿಗೆ ಒಕ್ಕಲು ಹೊಲ ಹಸನು ಮಾಡಿ, ಬೇಲಿ ಕಟ್ಟಿ, ಮನೆ ಎಬ್ಬಿಸಿದ್ದ. ಆಗ ಧಣಿ ಅದೇ ಹೊಲವನ್ನು ಹೆಚ್ಚು ಕೊಟ್ಟವರಿಗೆ ಎಂದು ಸವಾಲಿಗಿಟ್ಟ. 1718ರಲ್ಲಿ ಅಘಡೋವಿ ಎಂಬಲ್ಲಿನ ಪಾದ್ರಿ ಜೇಮ್ಸ್ ಮೆಕ್‌ಗ್ರೆಗರ್ ತನ್ನ ಸಭೆಯ ಜನರನ್ನು ಕಟ್ಟಿಕೊಂಡು ಬಾಸ್ಟನ್‌ಗೆ ಹೋದ; ಮರುವರ್ಷ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅವರು ನೆಲೆಯೂರಿದ ಜಾಗಕ್ಕೆ ಮುಂದೆ, ಬಿಟ್ಟುಬಂದ ಸೀಮೆಯಂತೆ, ಲಂಡನ್‌ಡೆರಿ ಎಂದೇ ಹೆಸರಾಯಿತು. ಅಲ್ಲಿಂದ ಅಮೆರಿಕ ಸ್ವತಂತ್ರವಾಗುವವರೆಗೆ ಅಲ್ಸ್ಟರ್ ಬಿಟ್ಟವರು ಒಂದು ಲಕ್ಷಕ್ಕೆ ಕಡಿಮೆಯಿಲ್ಲ ಎನ್ನುತ್ತಾರೆ ಇತಿಹಾಸಕಾರರು. ಎರಡೂವರೆ ಲಕ್ಷದವರೆಗೆ ಹೇಳುವವರೂ ಇದ್ದಾರೆ.

ಇಷ್ಟೊಂದು ಜನಕ್ಕೆ ಹಡಗು ಎಲ್ಲಿಂದ ಬಂತು? ಉತ್ತರ ಅಗಸೆಬೀಜದಲ್ಲಿದೆ. ನಮ್ಮ ಉತ್ತರ ಕರ್ನಾಟಕದಲ್ಲಿ ಅಗಸೆಯನ್ನು ಬೀಜಕ್ಕಾಗಿ ಬೆಳೆಯುತ್ತಾರೆ. ಅಲ್ಸ್ಟರಿನಲ್ಲಿ ನಾರಿಗಾಗಿ ಬೆಳೆದರು. ಗಿಡವನ್ನು ಕುಯ್ಯುವಂತಿಲ್ಲ, ನಾರು ತುಂಡಾಗುತ್ತದೆ. ಬೇರುಸಹಿತ ಕೈಯಲ್ಲೇ ಕೀಳಬೇಕು. ಕಿತ್ತ ಸಿವುಡುಗಳನ್ನು ಹೊಂಡದ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿ ಕೊಳೆಯಲು ಬಿಡಬೇಕು. ಒಂದೆರಡು ವಾರ ಕಳೆದು ಸೊಂಟದ ಮಟ್ಟದ ನೀರಿಗಿಳಿದು ಎತ್ತುವಾಗ ಬರುವ ನಾತ ಊರಾಚೆಗೂ ಹಬ್ಬುತ್ತಿತ್ತು. ಆಮೇಲೆ ಹುಲ್ಲಿನ ಮೇಲೆ ಹರವಿ ಒಣಗಿಸಿ, ಕಾಂಡ ಜಜ್ಜಿ ಸಿಪ್ಪೆ ಬಿಡಿಸಿ, ಮುಳ್ಳುಹಲಗೆಯಲ್ಲಿ ಬಾಚಿದರೆ ಹೊಂಬಣ್ಣದ ನಾರು. ಹೆಂಗಸರು ರಾಟೆಯಲ್ಲಿ ನೂಲುತ್ತಿದ್ದರು, ಗಂಡಸರು ಮಗ್ಗದಲ್ಲಿ ಲಿನನ್ ಬಟ್ಟೆ ನೇಯುತ್ತಿದ್ದರು. ಸಣ್ಣ ಹಿಡುವಳಿಯ ಎಷ್ಟೋ ಮನೆಗಳಲ್ಲಿ ಗೇಣಿ ಕಟ್ಟುತ್ತಿದ್ದುದು ಈ ಲಿನನ್ ಮಾರಿದ ದುಡ್ಡಿನಿಂದಲೇ.

ನವಿರಾದ ನಾರು ಬೇಕೆಂದರೆ ಬೀಜ ಬಲಿಯುವ ಮೊದಲೇ ಗಿಡ ಕೀಳಬೇಕು. ಹಾಗಾಗಿ ಮುಂದಿನ ಬಿತ್ತನೆಗೆ ಬೀಜ ಉಳಿಯುತ್ತಿರಲಿಲ್ಲ. ಆ ಬೀಜ ಅಮೆರಿಕದಿಂದ, ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್‌ಗಳಿಂದ, ಪೀಪಾಯಿಗಳಲ್ಲಿ ಬರುತ್ತಿತ್ತು. ಬೀಜ ಇಳಿಸಿದ ಹಡಗಿಗೆ ವಾಪಸು ಹೋಗುವಾಗ ಸರಕು ಸಾಲದು. ಲಿನನ್ ಹಗುರ, ಹೆಚ್ಚು ಜಾಗ ಹಿಡಿಯದು. ಖಾಲಿ ಉಳಿದ ಒಡಲಿಗೆ ಹಡಗಿನವರು ಮನುಷ್ಯರನ್ನು ತುಂಬಿಕೊಂಡರು. ಬೆಲ್‌ಫಾಸ್ಟ್, ಲಾರ್ನ್, ನ್ಯೂರಿ, ಡೆರಿ ಬಂದರುಗಳಿಂದ ಹೊರಡುವ ಹಡಗುಗಳ ಜಾಹೀರಾತು 1737ರಲ್ಲಿ ಶುರುವಾದ ಬೆಲ್‌ಫಾಸ್ಟ್ ನ್ಯೂಸ್‌ಲೆಟರ್ ಪತ್ರಿಕೆಯಲ್ಲಿ ಬರುತ್ತಿತ್ತು. ಪ್ರಯಾಣದ ದುಡ್ಡಿಲ್ಲದವರು ನಾಲ್ಕೈದು ವರ್ಷ ಜೀತಕ್ಕಿರುವ ಕರಾರು ಬರೆದುಕೊಟ್ಟು ಹತ್ತುತ್ತಿದ್ದರು. ಬೀಜ ತಂದ ಹಡಗು ಆ ಬೀಜದಿಂದಲೇ ಬದುಕುತ್ತಿದ್ದವರನ್ನು ಹೊತ್ತೊಯ್ದದ್ದು ಈ ಇತಿಹಾಸದಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ.

ಆಂಡ್ರೂ ಜಾಕ್ಸನ್‌ನ ಹೆಂಡತಿ ಎಲಿಜಬೆತ್‌ಳದೂ ಇಂಥದೇ, ನೇಕಾರಿಕೆ ಬಲ್ಲ ಮನೆತನ. ಅವಳ ಗಂಡನ ಅಪ್ಪ ಹ್ಯೂ ಜಾಕ್ಸನ್ ಕ್ಯಾರಿಕ್‌ಫರ್ಗಸ್‌ನಲ್ಲಿ ಲಿನನ್ ವ್ಯಾಪಾರ ಮಾಡುತ್ತಿದ್ದ ಎಂದು ಕುಟುಂಬದ ಹೇಳಿಕೆ. 1760ರ ಫೆಬ್ರವರಿಯಲ್ಲಿ ಫ್ರೆಂಚ್ ನಾವಿಕ ಥ್ಯೂರೊ ಹಡಗುಗಳೊಂದಿಗೆ ನುಗ್ಗಿ ಕ್ಯಾರಿಕ್‌ಫರ್ಗಸ್ ಕೋಟೆಯನ್ನು ಕೆಲವು ದಿನ ಹಿಡಿದಿದ್ದ. ಆ ಮುತ್ತಿಗೆಯ ಕಥೆಯನ್ನೂ ಧಣಿಗಳ ದಬ್ಬಾಳಿಕೆಯ ಕಥೆಯನ್ನೂ ಎಲಿಜಬೆತ್ ಮುಂದೆ ಚಳಿಗಾಲದ ರಾತ್ರಿಗಳಲ್ಲಿ ಮಕ್ಕಳಿಗೆ ಹೇಳುತ್ತಿದ್ದಳಂತೆ.

ಅಲ್ಸ್ಟರಿನ ಕಡೆ ಇವರ ಕುರುಹು ಹುಡುಕಲು ಏನಿದೆ? 1922ರ ಜೂನ್ 30ರಂದು, ಐರಿಷ್ ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟಗೊಂಡು ಉರಿದುಹೋಯಿತು. ಶತಮಾನಗಳ ಉಯಿಲುಗಳು, ಚರ್ಚಿನ ರಿಜಿಸ್ಟರುಗಳು, 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಹಾಳೆಗಳು ಬೂದಿಯಾದವು. ಉಳಿದದ್ದರಲ್ಲಿ ಮುಖ್ಯವಾದವು ವಸೂಲಿಯ ಪಟ್ಟಿಗಳು. 1660ರ ದಶಕದ ಒಲೆ ತೆರಿಗೆಯ ಪಟ್ಟಿ: ಮನೆಯಲ್ಲಿ ಎಷ್ಟು ಒಲೆಯೋ ಅಷ್ಟು ಎರಡು ಶಿಲಿಂಗ್. 1740ರ ಪ್ರಾಟೆಸ್ಟೆಂಟ್ ಮನೆಯೊಡೆಯರ ಪಟ್ಟಿ: ಅದನ್ನು ಮಾಡಿದವರೂ ಆ ತೆರಿಗೆಯ ವಸೂಲಿಗಾರರೇ. ಮೂಲ ಸುಟ್ಟುಹೋಗಿದ್ದರೂ ಟೆನಿಸನ್ ಗ್ರೋವ್ಸ್ ಎಂಬ ಸಂಶೋಧಕ ಅದಕ್ಕೂ ಮೊದಲೇ ಕೈಬರಹದಲ್ಲಿ ನಕಲಿಳಿಸಿಕೊಂಡಿದ್ದರಿಂದ ಅದರ ಭಾಗಗಳು ಉಳಿದವು. ಒಬ್ಬ ಮನುಷ್ಯನ ತಾಳ್ಮೆಯಿಂದ ಎಷ್ಟು ಸಾವಿರ ಮನೆತನಗಳಿಗೆ ಹಿರಿಯರು ಸಿಕ್ಕರು ಎಂದು ನೆನೆದರೆ ಕೈಮುಗಿಯಬೇಕೆನ್ನಿಸುತ್ತದೆ. ಇವುಗಳ ನಡುವೆ ಒಂದು ಮಾತ್ರ ಕೊಟ್ಟದ್ದರ ಪಟ್ಟಿ. 1796ರಲ್ಲಿ ಲಿನನ್ ಮಂಡಳಿ ಅಗಸೆ ಬಿತ್ತಿದವರಿಗೆ ಬಹುಮಾನ ಹಂಚಿತು. ಒಂದು ಎಕರೆ ಬಿತ್ತಿದವನಿಗೆ ನಾಲ್ಕು ರಾಟೆ, ಐದು ಎಕರೆಗೆ ಒಂದು ಮಗ್ಗ. ಅದರಲ್ಲಿ ಸುಮಾರು 60,000 ಹೆಸರುಗಳಿವೆ. ಜಾಕ್ಸನ್ ದಂಪತಿ ಊರು ಬಿಟ್ಟು ಆಗಲೇ 31 ವರ್ಷವಾಗಿತ್ತು.

ಹೆಸರಿನ ಜಾಡೂ ಒಂದಿದೆ. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ಮನೆಗಳಲ್ಲಿ ಇರುವಂತೆ ಅಲ್ಲೂ ವಾಡಿಕೆ: ಹಿರಿಯ ಮಗನಿಗೆ ಅಪ್ಪನ ತಂದೆಯ ಹೆಸರು, ಎರಡನೆಯವನಿಗೆ ಅಮ್ಮನ ತಂದೆಯದು, ಮೂರನೆಯವನಿಗೆ ಅಪ್ಪನದೇ. ಹ್ಯೂ, ರಾಬರ್ಟ್, ಆಂಡ್ರೂ ಎಂಬ ಸಾಲಿನಲ್ಲಿ ಮೊದಲನೆಯದೂ ಮೂರನೆಯದೂ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ದಾಖಲೆ ಕೈಕೊಟ್ಟ ಕಡೆ ಎಷ್ಟೋ ಕುಟುಂಬಗಳು ಹೀಗೆ ಹೆಸರಿನ ಸರಣಿಯಿಂದಲೇ ಒಂದು ತಲೆಮಾರು ಹಿಂದಕ್ಕೆ ಹೋಗಿವೆ.

ಅಮೆರಿಕದ ಕಡೆಯೂ ಕಷ್ಟವೇ. ಪ್ರಯಾಣಿಕರ ಪಟ್ಟಿಯನ್ನು ಕಪ್ತಾನರು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಕಾನೂನು ಬಂದದ್ದು 1819ರಲ್ಲಿ. ಅದಕ್ಕೆ ಮುಂಚಿನವರಲ್ಲಿ ಅದೃಷ್ಟ ಇದ್ದವರು ದಕ್ಷಿಣ ಕೆರೊಲಿನಾದ ರಾಜ್ಯಪಾಲರ ಮಂಡಳಿಯ ನಡಾವಳಿಗಳಲ್ಲಿ ಸಿಗುತ್ತಾರೆ. ಆ ವಸಾಹತಿನಲ್ಲಿ ಕರಿಯ ಗುಲಾಮರ ಸಂಖ್ಯೆ ಬಿಳಿಯರನ್ನು ಮೀರಿತ್ತು. ದಂಗೆಯಾದೀತೆಂಬ ಅಂಜಿಕೆಯಿಂದ, ಗಡಿಯಲ್ಲಿ ಮೂಲನಿವಾಸಿಗಳಿಗೆ ಅಡ್ಡಗಟ್ಟಲು ಜನ ಬೇಕೆಂಬ ಲೆಕ್ಕದಿಂದ, 1761ರ ಕಾನೂನು ಬಡ ಪ್ರಾಟೆಸ್ಟೆಂಟರ ಹಡಗಿನ ಖರ್ಚು ಕೊಟ್ಟಿತು. ಜೊತೆಗೆ ಮನೆಯೊಡೆಯನಿಗೆ 100 ಎಕರೆ, ಉಳಿದ ಪ್ರತಿಯೊಬ್ಬರ ಲೆಕ್ಕದಲ್ಲಿ 50 ಎಕರೆ ಭೂಮಿ. ಅರ್ಜಿ ಹಾಕಿದವರ ಹೆಸರು ಹಡಗಿನ ಹೆಸರಿನೊಂದಿಗೆ ದಾಖಲಾಯಿತು.

ಜಾಕ್ಸನ್ ಕುಟುಂಬ ಹೋಗಿ ಸೇರಿದ್ದು ಎರಡು ಕೆರೊಲಿನಾಗಳ ನಡುವಿನ ವ್ಯಾಕ್ಸ್‌ಹಾ ಸೀಮೆಗೆ. ವ್ಯಾಕ್ಸ್‌ಹಾ ಎಂಬುದು ಒಂದು ಮೂಲನಿವಾಸಿ ಬುಡಕಟ್ಟಿನ ಹೆಸರು. ಸಿಡುಬು ಮತ್ತು ಯುದ್ಧದಿಂದ ಆ ಜನ 1720ರ ಹೊತ್ತಿಗೆ ಹೆಸರು ಮಾತ್ರ ಉಳಿಸಿ ಇಲ್ಲವಾಗಿದ್ದರು. ಪೆನ್ಸಿಲ್ವೇನಿಯಾದಿಂದ ಶೆನಂಡೋವಾ ಕಣಿವೆ ಹಿಡಿದು ಬಂಡಿದಾರಿಯಲ್ಲಿ ಇಳಿದುಬಂದ ಅಲ್ಸ್ಟರಿನವರು ಅಲ್ಲಿ 1755ರ ಹೊತ್ತಿಗಾಗಲೇ ಚರ್ಚು ಕಟ್ಟಿಕೊಂಡಿದ್ದರು. ಎಲಿಜಬೆತ್‌ಳ ಅಕ್ಕತಂಗಿಯರೂ ಆ ಸೀಮೆಯಲ್ಲೇ ನೆಲೆಯಾದರು. ಹಿರಿಯ ಆಂಡ್ರೂ ಟ್ವೆಲ್ವ್ ಮೈಲ್ ಕ್ರೀಕ್ ಹಳ್ಳದ ಬದಿಯಲ್ಲಿ 200 ಎಕರೆ ಜಾಗ ನೋಡಿಕೊಂಡು ಮರ ಕಡಿದು, ಗುಡಿಸಲೆಬ್ಬಿಸಿ, ಒಂದೆರಡು ಫಸಲು ತೆಗೆದ. ಅಷ್ಟರಲ್ಲೇ ಸತ್ತ. ಅಮೆರಿಕದಲ್ಲಿ ಅವನ ಹೆಸರಿಗೆ ಒಂದು ಎಕರೆಯೂ ಇರಲಿಲ್ಲ ಎಂದು ಮಗನ ಜೀವನಚರಿತ್ರೆ ಬರೆದ ಜೇಮ್ಸ್ ಪಾರ್ಟನ್ ತೀರ್ಮಾನಿಸಿದ. ಗೇಣಿಯಿಂದ ತಪ್ಪಿಸಿಕೊಂಡು ಸ್ವಂತ ನೆಲಕ್ಕಾಗಿ ಸಾಗರ ದಾಟಿದವನ ಪಾಲಿಗೆ ಬಂದದ್ದು ವ್ಯಾಕ್ಸ್‌ಹಾ ಚರ್ಚಿನ ಮಸಣದ ಮೂರಡಿ ಆರಡಿ.

ತುಂಬು ಗರ್ಭಿಣಿ ಎಲಿಜಬೆತ್ ಆ ಗುಡಿಸಲಿಗೆ ಹಿಂತಿರುಗಲಿಲ್ಲ. ಅಕ್ಕತಂಗಿಯರ ಆಸರೆಗೆ ಬಂದಳು. ಮಗು ಹುಟ್ಟಿದ್ದು ಯಾರ ಮನೆಯಲ್ಲಿ ಎಂಬ ಜಗಳ ಇನ್ನೂ ಮುಗಿದಿಲ್ಲ. ದಕ್ಷಿಣ ಕೆರೊಲಿನಾದ ಜೇಮ್ಸ್ ಕ್ರಾಫರ್ಡ್‌ನ ತೋಟದಲ್ಲಿ ಎಂದು ಅಧ್ಯಕ್ಷನೇ 1824ರ ಪತ್ರವೊಂದರಲ್ಲಿ ಬರೆದ. ಇಲ್ಲ, ಇನ್ನೊಬ್ಬ ಸೋದರಿಯ ಗಂಡ ಮೆಕೇಮಿಯ ಮನೆಯಲ್ಲಿ ಎನ್ನುತ್ತದೆ ಉತ್ತರ ಕೆರೊಲಿನಾ. ಆಗ ಆ ಭಾಗದಲ್ಲಿ ಎರಡು ವಸಾಹತುಗಳ ಗಡಿಯೇ ಪೂರ್ತಿ ಗುರುತಾಗಿರಲಿಲ್ಲ. ಹೆತ್ತವಳಿಗೆ ಅದು ಯಾವ ಸರ್ಕಾರದ ನೆಲ ಎಂಬುದು ಮುಖ್ಯವೂ ಆಗಿರಲಿಕ್ಕಿಲ್ಲ.

ಕ್ರಾಫರ್ಡ್‌ನ ಹೆಂಡತಿ, ಎಲಿಜಬೆತ್‌ಳ ಸೋದರಿ ಜೇನ್, ಕಾಯಿಲೆಯವಳು. ಎಲಿಜಬೆತ್ ಆ ಮನೆಯ ಒಲೆ, ಕೊಟ್ಟಿಗೆ, ಮಕ್ಕಳು ಎಲ್ಲವನ್ನೂ ನೋಡಿಕೊಂಡು ತನ್ನ ಮೂವರನ್ನು ಸಾಕಿದಳು. ಅಗಸೆ ನೂಲುವುದರಲ್ಲಿ ಅವಳ ಕೈ ಬಲು ಹದ ಎಂಬ ನೆನಪು ಆ ಸೀಮೆಯಲ್ಲಿ ಬಹಳ ಕಾಲ ಉಳಿದಿತ್ತು. ಕಿರಿಯ ಮಗನನ್ನು ಪಾದ್ರಿ ಮಾಡಬೇಕೆಂಬುದು ಅವಳ ಆಸೆ.

ಅಮೆರಿಕದ ಸ್ವಾತಂತ್ರ್ಯ ಯುದ್ಧ ಅದನ್ನು ನಡೆಯಗೊಡಲಿಲ್ಲ. 1779ರಲ್ಲಿ ಹಿರಿಯ ಮಗ ಹ್ಯೂ ಸ್ಟೋನೊ ಫೆರಿ ಕದನದ ಬಳಿಕ ಬಿಸಿಲ ಝಳ ಮತ್ತು ದಣಿವಿನಿಂದ ಸತ್ತ. 1780ರ ಮೇ 29ರಂದು ಬ್ರಿಟಿಷ್ ಅಧಿಕಾರಿ ಟಾರ್ಲ್‌ಟನ್‌ನ ಕುದುರೆಪಡೆ ವ್ಯಾಕ್ಸ್‌ಹಾ ಬಳಿ ವರ್ಜೀನಿಯಾದ ತುಕಡಿಯೊಂದನ್ನು ಕೊಚ್ಚಿಹಾಕಿತು. ಸತ್ತವರು ನೂರಕ್ಕೂ ಹೆಚ್ಚು. ಗಾಯಾಳುಗಳನ್ನು ಚರ್ಚಿನ ನೆಲದ ಮೇಲೆ ಹುಲ್ಲು ಹಾಸಿ ಮಲಗಿಸಿದರು. ಎಲಿಜಬೆತ್ ಮಕ್ಕಳೊಂದಿಗೆ ಹೋಗಿ ಅವರ ಗಾಯ ಕಟ್ಟಿದಳು. ಆ ವರ್ಷ ದಕ್ಷಿಣದ ಬ್ರಿಟಿಷ್ ಸೈನ್ಯದ ಮುಖ್ಯಸ್ಥನಾಗಿದ್ದವನು ಕಾರ್ನ್‌ವಾಲಿಸ್. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಅವನೇ ಹತ್ತು ವರ್ಷದ ಮೇಲೆ, 1791ರ ಮಾರ್ಚ್‌ನಲ್ಲಿ, ಬೆಂಗಳೂರು ಕೋಟೆಯನ್ನು ಒಡೆದು, ಮರುವರ್ಷ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ.

1781ರ ಏಪ್ರಿಲ್‌ನಲ್ಲಿ ರಾಬರ್ಟ್ ಮತ್ತು ಆಂಡ್ರೂ ಬ್ರಿಟಿಷರ ಕೈಗೆ ಸಿಕ್ಕಿಬಿದ್ದರು. ಅಧಿಕಾರಿಯೊಬ್ಬ ತನ್ನ ಬೂಟು ಒರೆಸಲು ಹೇಳಿದ. ಹದಿನಾಲ್ಕರ ಆಂಡ್ರೂ ಒಲ್ಲೆನೆಂದ. ಬೀಸಿದ ಕತ್ತಿಗೆ ಅಡ್ಡ ಹಿಡಿದ ಎಡಗೈ ಸೀಳಿತು, ತಲೆಗೂ ಏಟು ಬಿತ್ತು. ಆ ಗುರುತುಗಳು ಸಾಯುವವರೆಗೂ ಇದ್ದವು. ರಾಬರ್ಟ್‌ಗೂ ಹಾಗೇ ಪೆಟ್ಟಾಯಿತು. ಇಬ್ಬರನ್ನೂ ಕ್ಯಾಮ್ಡನ್ ಸೆರೆಮನೆಗೆ ನಡೆಸಿಕೊಂಡು ಹೋದರು. ಅಲ್ಲಿ ಸಿಡುಬು ಎದ್ದಿತ್ತು.

ಎಲಿಜಬೆತ್ ಕ್ಯಾಮ್ಡನ್‌ಗೆ ಹೋಗಿ, ಕೈದಿಗಳ ವಿನಿಮಯದಲ್ಲಿ ಮಕ್ಕಳನ್ನೂ ಸೇರಿಸುವಂತೆ ಮಾಡಿ ಬಿಡಿಸಿಕೊಂಡಳು. ಕೈಯಲ್ಲಿದ್ದುದು ಎರಡು ಕುದುರೆ. ಒಂದರ ಮೇಲೆ ಕೂರಲೂ ಆಗದ ರಾಬರ್ಟ್‌ನನ್ನು ಹಿಡಿದು ಕೂರಿಸಿದರು. ಇನ್ನೊಂದರ ಮೇಲೆ ತಾಯಿ. ಮೈತುಂಬ ಸಿಡುಬಿನ ಜ್ವರವೇರುತ್ತಿದ್ದ ಆಂಡ್ರೂ ಕೋಟಿಲ್ಲದೆ, ಬರಿಗಾಲಿನಲ್ಲಿ 40 ಮೈಲಿಗೂ ಹೆಚ್ಚು ದೂರ ನಡೆದ. ಮನೆ ಇನ್ನೂ ದೂರವಿರುವಾಗಲೇ ಮಳೆ ಹೊಡೆಯಿತು. ಎರಡು ದಿನದಲ್ಲಿ ರಾಬರ್ಟ್ ಹೋದ. ಆಂಡ್ರೂ ವಾರಗಟ್ಟಲೆ ಸಾವು ಬದುಕಿನ ನಡುವೆ ಹೊಯ್ದಾಡಿ ಉಳಿದ.

ಅವನು ಚೇತರಿಸಿಕೊಳ್ಳುತ್ತಿದ್ದಂತೆ ಅವಳು ಮತ್ತೆ ಹೊರಟಳು. ಸೋದರಿ ಜೇನ್‌ಳ ಮಕ್ಕಳು ಚಾರ್ಲ್ಸ್‌ಟನ್ ಬಂದರಿನ ಬ್ರಿಟಿಷ್ ಸೆರೆಹಡಗಿನಲ್ಲಿ ಕಾಯಿಲೆ ಬಿದ್ದಿದ್ದರು. ಅವರ ಆರೈಕೆಗೆ ನೂರೈವತ್ತು ಮೈಲಿಗೂ ಮೀರಿದ ದಾರಿ. ಹಡಗಿನ ಸೋಂಕು ಅವಳಿಗೂ ತಗುಲಿ ಆ ವರ್ಷವೇ ಅಲ್ಲೇ ತೀರಿಕೊಂಡಳು. ಊರ ಹೊರಗೆ ಗುರುತಿಲ್ಲದ ಗುಂಡಿಯಲ್ಲಿ ಹೂತರು. ಮಗನಿಗೆ ತಲುಪಿದ್ದು ಅವಳ ಬಟ್ಟೆಯ ಒಂದು ಸಣ್ಣ ಗಂಟು. ದೊಡ್ಡವನಾದ ಮೇಲೆ ಸಮಾಧಿ ಹುಡುಕಿಸಿದ, ಸಿಗಲಿಲ್ಲ. ಗಂಡನ ಹೆಸರಿನಲ್ಲಾದರೂ ಗೇಣಿಯ ಲೆಕ್ಕ ಇರುತ್ತಿತ್ತು. ಈ ಹೆಂಗಸು ತೆರಿಗೆ ಕಟ್ಟಲಿಲ್ಲ, ಅರ್ಜಿ ಹಾಕಲಿಲ್ಲ. ನೂತಳು, ಹೆತ್ತಳು, ರೋಗಿಗಳನ್ನು ನೋಡಿಕೊಂಡಳು. ಇಡೀ ಮನೆತನದಲ್ಲಿ ನನ್ನ ಮಟ್ಟಿಗೆ ದೊಡ್ಡ ಜೀವ ಅವಳೇ.

ಅನಾಥ ಹುಡುಗನಿಗೆ ಕ್ಯಾರಿಕ್‌ಫರ್ಗಸ್‌ನ ಅಜ್ಜನ ಆಸ್ತಿಯಿಂದ ಒಂದಿಷ್ಟು ಹಣ ಬಂತೆಂದೂ ಅದನ್ನು ಚಾರ್ಲ್ಸ್‌ಟನ್‌ನ ಜೂಜಿನಲ್ಲಿ ಕಳೆದನೆಂದೂ ಜೀವನಚರಿತ್ರೆಗಳು ಹೇಳುತ್ತವೆ. ಅಲ್ಲಿಗೆ ಅಲ್ಸ್ಟರಿನ ಕೊಂಡಿ ಕಳಚಿತು. ಅವನು ವಕೀಲನಾದ, ಟೆನೆಸಿಗೆ ಹೋದ, 1815ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಿಟಿಷರನ್ನು ಸೋಲಿಸಿದ. ತಂದೆ ತಾಯಿ ಇಬ್ಬರೂ ವಲಸಿಗರಾಗಿದ್ದ ಅಧ್ಯಕ್ಷ ಅವನೊಬ್ಬನೇ. ಬೋನಿಬಿಫೋರ್‌ನ ಹಳೆಯ ಮನೆಯನ್ನು 1860ರಲ್ಲಿ ಲಾರ್ನ್ ರೈಲುಹಾದಿಗಾಗಿ ಕೆಡವಿದರು. ಈಗ ಹತ್ತಿರದ ಅದೇ ಕಾಲದ ಇನ್ನೊಂದು ಹುಲ್ಲುಮಾಡಿನ ಮನೆಯನ್ನು ಜಾಕ್ಸನ್ ಸ್ಮಾರಕವಾಗಿ ಇಟ್ಟುಕೊಂಡಿದ್ದಾರೆ.

ಈ ಮನೆತನದ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾದೀತು. ಗೇಣಿಗೆ ಸೋತು ಊರು ಬಿಟ್ಟವರ ಮಗ ಟೆನೆಸಿಯ ತನ್ನ ಹತ್ತಿತೋಟದಲ್ಲಿ ಗುಲಾಮರನ್ನು ದುಡಿಸಿದ. 1845ರಲ್ಲಿ ಸಾಯುವ ಹೊತ್ತಿಗೆ ಅವನ ಒಡೆತನದಲ್ಲಿ ಸುಮಾರು 150 ಮಂದಿ ಇದ್ದರು. ಅಧ್ಯಕ್ಷನಾಗಿ 1830ರ ಮೇ 28ರಂದು ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯಾಚೆಗೆ ಒಕ್ಕಲೆಬ್ಬಿಸುವ ಕಾನೂನಿಗೆ ಸಹಿ ಹಾಕಿದ. ಅದನ್ನು ಕೊನೆಯವರೆಗೂ ಎದುರಿಸಿದ ಚೆರೋಕಿ ಮುಖ್ಯಸ್ಥ ಜಾನ್ ರಾಸ್‌ನ ತಂದೆಯೂ ಸ್ಕಾಟ್ಲೆಂಡಿನವನೇ. 1838ರಲ್ಲಿ ಸೈನಿಕರು ಚೆರೋಕಿಗಳನ್ನು ಮನೆಗಳಿಂದ ಎಳೆದು ಹೊರಡಿಸಿದರು. ಶಿಬಿರಗಳಲ್ಲಿ, ದಾರಿಯಲ್ಲಿ ಸುಮಾರು 4,000 ಜನ ಸತ್ತರು.

ಹೊರಡಿಸುವ ಮೊದಲು, 1835ರಲ್ಲಿ, ಸರ್ಕಾರ ಅವರನ್ನು ಎಣಿಸಿತ್ತು. ಹೆಂಡರ್ಸನ್ ಪಟ್ಟಿ ಎಂದು ಕರೆಯುವ ಆ ಗಣತಿಯಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಚೆರೋಕಿಗಳು ಮನೆಮನೆಯಾಗಿ ಬರುತ್ತಾರೆ: ಎಷ್ಟು ಎಕರೆ ಸಾಗುವಳಿ, ಎಷ್ಟು ಮೆಕ್ಕೆಜೋಳ, ಓದು ಬಲ್ಲವರೆಷ್ಟು, ನೂಲುವವರೆಷ್ಟು, ನೇಯುವವರೆಷ್ಟು. ಚೆರೋಕಿ ಮೂಲದ ಕುಟುಂಬಗಳು ಇಂದು ತಮ್ಮ ಹಿರಿಯರನ್ನು ಹುಡುಕುವಾಗ ತೆರೆಯುವ ಮೊದಲ ದಾಖಲೆಗಳಲ್ಲಿ ಅದೂ ಒಂದು.